ನೇತುಹಾಕುವ ಬ್ರೀಡಿಂಗ್ ಬಾಕ್ಸ್: ಮೀನಿನ ಬಾಣಂತನಕ್ಕೆ ಎಷ್ಟು ಆದೀತು, ಎಲ್ಲಿ ಕೈಕೊಟ್ಟೀತು

ಅಕ್ವೇರಿಯಂ ಅಂಗಡಿಗೆ ಹೋಗಿ ಬ್ರೀಡಿಂಗ್ ಬಾಕ್ಸ್ ಬೇಕೆಂದರೆ ಮೂರು ಬಗೆಯ ಸಾಮಾನು ಮುಂದಿಡುತ್ತಾರೆ. ಒಂದು, ಪ್ಲಾಸ್ಟಿಕ್ ಚೌಕಟ್ಟಿಗೆ ತೊಡಿಸಿದ ನೈಲಾನ್ ಬಲೆ. ಇನ್ನೊಂದು, ನೀರಿನ ಮೇಲೆ ತೇಲುವ ಪುಟ್ಟ ಡಬ್ಬಿ. ಅದರೊಳಗೆ ಎರಡು ಇಳಿಜಾರು ತಟ್ಟೆ, ನಡುವೆ ಮರಿ ಜಾರಿ ಬೀಳಲು ಸಂದು. ಮೂರನೆಯದು ತೊಟ್ಟಿಯ ಗಾಜಿನ ಅಂಚಿಗೆ ಹೊರಗಡೆಯಿಂದ ನೇತುಬೀಳುವ ಪಾರದರ್ಶಕ ಪೆಟ್ಟಿಗೆ. ಏರ್ ಪಂಪಿನ ಗುಳ್ಳೆಗಳೇ ತೊಟ್ಟಿಯ ನೀರನ್ನು ಎತ್ತಿ ಇದಕ್ಕೆ ಸುರಿಯುತ್ತವೆ, ಇನ್ನೊಂದು ಬದಿಯ ಸೀಳುಗಳಿಂದ ಆ ನೀರು ತಿರುಗಿ ತೊಟ್ಟಿಗೇ ಬೀಳುತ್ತದೆ. ಇಲ್ಲಿ ಪರಿಶೀಲಿಸುತ್ತಿರುವುದು ಈ ಮೂರನೆಯದನ್ನು. ಕೆನಡಾದ ಹೇಗನ್ ಕಂಪನಿಯ ಮರೀನಾ ಹೆಸರಿನ ಪೆಟ್ಟಿಗೆ 0.7, 1.2 ಮತ್ತು 2 ಲೀಟರ್ ಅಳತೆಗಳಲ್ಲಿ ಬರುತ್ತದೆ. ಅದೇ ಅಚ್ಚಿನಂತಿರುವ ಹೆಸರಿಲ್ಲದ ಪೆಟ್ಟಿಗೆಗಳಂತೂ ಆನ್‌ಲೈನಿನಲ್ಲಿ ಬೇಕಾದಷ್ಟಿವೆ. ಕೆಲಸ ಮಾಡುವ ರೀತಿ ಒಂದೇ ಆದ್ದರಿಂದ ಗುಣದೋಷಗಳೂ ಬಹುಪಾಲು ಒಂದೇ.

ಈ ಪೆಟ್ಟಿಗೆಯ ಒಳ್ಳೆಯದು ಕೆಟ್ಟದ್ದು ಎರಡೂ ಒಂದೇ ಸಂಗತಿಯಿಂದ ಹುಟ್ಟುತ್ತವೆ: ಅದರ ನೀರು ತೊಟ್ಟಿಯ ನೀರೇ. ಬೇರೆ ಟಬ್ಬಿನಲ್ಲಿಟ್ಟ ಮರಿಗಳು ಸಾಯುವುದು ಹೆಚ್ಚಾಗಿ ಅಮೋನಿಯಾದಿಂದ. ಅಂಗೈಯಗಲದ ನೀರಿಗೆ ದಿನಕ್ಕೆ ನಾಲ್ಕು ಸಲ ಆಹಾರ ಹಾಕಿದರೆ ಆ ನೀರು ಕೆಡದೆ ಇರುವುದಿಲ್ಲ. ನೇತುಪೆಟ್ಟಿಗೆಯಲ್ಲಿ ಆ ತಾಪತ್ರಯವಿಲ್ಲ, ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾ ಆಗಲೇ ನೆಲೆಸಿರುವ, ಅರವತ್ತೋ ನೂರೋ ಲೀಟರಿನ ಪಳಗಿದ ತೊಟ್ಟಿಯೇ ಬೆನ್ನಿಗಿರುತ್ತದೆ. ಆದರೆ ಅದೇ ಕಾರಣಕ್ಕೆ ಪೆಟ್ಟಿಗೆಗೆ ಮಾತ್ರ ಅಂತ ಔಷಧಿ ಹಾಕಲಾಗದು, ಅದರ ನೀರನ್ನು ಮಾತ್ರ ಮೆದು ಮಾಡಲಾಗದು, ತೊಟ್ಟಿಗೆ ಬಿಳಿಚುಕ್ಕೆ ರೋಗ ಬಂದರೆ ಮರಿಗೂ ಬರುತ್ತದೆ. ಆದ್ದರಿಂದ ಇದು ಮರಿ ಸಾಕುವ ಪೆಟ್ಟಿಗೆ. ಡಬ್ಬದ ಮೇಲೆ ಏನೇ ಬರೆದಿರಲಿ, ಮೊಟ್ಟೆ ಒಡೆಸುವ ಪೆಟ್ಟಿಗೆ ಅಲ್ಲ. ಈ ವ್ಯತ್ಯಾಸ ತಿಳಿದು ಕೊಂಡವರಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ.

ಡಬ್ಬದೊಳಗೆ ಪೆಟ್ಟಿಗೆ, ಮುಚ್ಚಳ, ನಡುವೆ ಸಿಕ್ಕಿಸುವ ಅಡ್ಡಗೋಡೆ, ತಾಯಿಮೀನಿಗಾಗಿ ಸಂದಿರುವ ತಟ್ಟೆ, ನೀರೆತ್ತುವ ಕೊಳವೆ ಮತ್ತು ಒಂದಷ್ಟು ಏರ್ ಟ್ಯೂಬ್ ಇರುತ್ತದೆ. ಏರ್ ಪಂಪ್ ಇರುವುದಿಲ್ಲ. ಇದನ್ನು ನೋಡದೆ ತರಿಸಿಕೊಂಡು ಸಂಜೆ ಅಂಗಡಿಗೆ ಓಡುವವರು ಬಹಳ. ಪಂಪಿನ ಜೊತೆಗೆ ಇನ್ನೂ ಎರಡು ಸಣ್ಣ ಸಾಮಾನು ಬೇಕು: ಗಾಳಿ ಹೆಚ್ಚುಕಡಿಮೆ ಮಾಡುವ ತಿರುಪು ವಾಲ್ವ್, ಮತ್ತು ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್. ಮೊದಲನೆಯದಿಲ್ಲದಿದ್ದರೆ ಮರಿಗಳು ಪ್ರವಾಹಕ್ಕೆ ಸಿಕ್ಕಂತೆ ಸುತ್ತುತ್ತವೆ. ಎರಡನೆಯದಿಲ್ಲದಿದ್ದರೆ ಕರೆಂಟು ಹೋದಾಗ ತೊಟ್ಟಿಯ ನೀರು ಟ್ಯೂಬಿನ ಮೂಲಕ ಪಂಪಿಗೆ ಇಳಿಯುತ್ತದೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಟ್ಟರೂ ಆದೀತು, ಆದರೆ ನಮ್ಮ ಮನೆಗಳಲ್ಲಿ ಅದು ಕೊನೆಗೆ ಹೋಗಿ ಕೂರುವುದು ತೊಟ್ಟಿಯ ಕೆಳಗಿನ ಕಪಾಟಿನಲ್ಲೇ.

ಯಾವ ಅಳತೆ ಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ಸುಲಭ: 2 ಲೀಟರ್. 0.7 ಲೀಟರಿನದು ಏಟು ತಿಂದ ಒಂದು ಮೀನನ್ನೋ ನಾಲ್ಕು ಸೀಗಡಿಯನ್ನೋ ಎರಡು ದಿನ ಬೇರೆಯಿಡಲು ಸಾಕು, ಮರಿ ಬೆಳೆಸಲು ಅಲ್ಲ. ಹೆಸರಿಲ್ಲದ ಪೆಟ್ಟಿಗೆ ಕೊಳ್ಳುವುದಾದರೆ ಕೈಯಲ್ಲಿ ಹಿಡಿದು ನೋಡಿ ಕೊಳ್ಳುವುದು ಮೇಲು. ಕೊಕ್ಕೆಯ ಸಂದಿಗೆ ನಿಮ್ಮ ತೊಟ್ಟಿಯ ಗಾಜು ಹಿಡಿಯುತ್ತದೆಯೇ, ಮೊದಲು ಅಳೆಯಿರಿ. ಗಾಜಿನ ಮೇಲಂಚಿಗೆ ಪ್ಲಾಸ್ಟಿಕ್ ಚೌಕಟ್ಟಿರುವ ಹಳೆಯ ಮಾದರಿಯ ತೊಟ್ಟಿಗಳಿಗೆ ಬಹಳಷ್ಟು ಪೆಟ್ಟಿಗೆಗಳು ಕೂರುವುದೇ ಇಲ್ಲ. ಪೆಟ್ಟಿಗೆಯ ಕೆಳಭಾಗದಲ್ಲಿ ಗಾಜಿಗೆ ತಾಗುವ ಹೊಂದಾಣಿಕೆಯ ತಿರುಪು ಇದೆಯೇ ನೋಡಿ. ಎರಡು ಲೀಟರ್ ನೀರೆಂದರೆ ಎರಡು ಕಿಲೋ ಭಾರ. ತಿರುಪಿಲ್ಲದಿದ್ದರೆ ಪೆಟ್ಟಿಗೆ ತೊಟ್ಟಿಯ ಕಡೆಗೆ ವಾಲಿ ಒಳಗಿನ ನೀರಿನ ಮಟ್ಟ ಓರೆಯಾಗುತ್ತದೆ. ಅಡ್ಡಗೋಡೆಯನ್ನು ಸಿಕ್ಕಿಸಿ, ಅದರ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿ. ಕಾರ್ಡ್ ಸರಾಗವಾಗಿ ತೂರಿದರೆ ತೆಳ್ಳಗಿನ ಮರಿಯೂ ತೂರುತ್ತದೆ, ಅಡ್ಡಗೋಡೆಯ ಆಚೆಯಲ್ಲಿರುವ ತಾಯಿಯ ಬಾಯಿಗೆ ಬೀಳುತ್ತದೆ. ಅಂಚುಗಳಲ್ಲಿ ಪ್ಲಾಸ್ಟಿಕ್ಕಿನ ಮುಳ್ಳು ಉಳಿದಿದ್ದರೆ 400 ನಂಬರಿನ ಮರಳು ಕಾಗದದಲ್ಲಿ ಉಜ್ಜಿ, ತೊಳೆದು, ಆಮೇಲೆ ನೀರಿಗಿಳಿಸಿ.

ಇನ್ನು ಕೂರಿಸುವ ಕ್ರಮ. ಪೆಟ್ಟಿಗೆಯನ್ನು ನೇತುಹಾಕಿ, ಅದಕ್ಕೆ ತೊಟ್ಟಿಯದೇ ನೀರು ತುಂಬಿ. ನಲ್ಲಿ ನೀರು ಸಲ್ಲದು, ಕ್ಲೋರಿನ್ನಿಗೆ ಮರಿ ತಡೆಯುವುದಿಲ್ಲ. ಕೊಳವೆಯ ಬಾಯಿ ತೊಟ್ಟಿಯ ನೀರಿನಲ್ಲಿ ಎಷ್ಟು ಆಳಕ್ಕಿದ್ದರೆ ಅಷ್ಟು ಚೆನ್ನಾಗಿ ನೀರೇಳುತ್ತದೆ. ಪಂಪ್ ಹಚ್ಚಿ, ವಾಲ್ವನ್ನು ಪೂರ್ತಿ ಮುಚ್ಚಿ, ಅಲ್ಲಿಂದ ನಿಧಾನಕ್ಕೆ ಬಿಡುತ್ತಾ ಬನ್ನಿ. ಎಷ್ಟು ನೀರು ಹರಿಯಬೇಕು ಎಂಬುದನ್ನು ಕಣ್ಣಂದಾಜಿಗೆ ಬಿಡಬೇಡಿ: ಕೊಳವೆಯ ಮೂತಿಯಿಂದ ಬೀಳುವ ನೀರನ್ನು ಒಂದು ನಿಮಿಷ ಲೋಟದಲ್ಲಿ ಹಿಡಿಯಿರಿ. ಎರಡು ಲೀಟರಿನ ಪೆಟ್ಟಿಗೆಗೆ ನಿಮಿಷಕ್ಕೆ 150ರಿಂದ 200 ಮಿಲಿ ಸಾಕು, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪೆಟ್ಟಿಗೆಯ ನೀರು ಪೂರ್ತಿ ಬದಲಾದ ಹಾಗಾಯಿತು. ನಿಮಿಷಕ್ಕೆ ಅರ್ಧ ಲೀಟರ್ ದಾಟಿದರೆ ಗಪ್ಪಿ ಮರಿಗಳು ಸಹ ಮೂಲೆ ಸೇರಿ ಮೂತಿ ಗೋಡೆಗೆ ಒತ್ತಿಕೊಂಡು ನಿಲ್ಲುತ್ತವೆ. ತಿಂದದ್ದೆಲ್ಲ ಈಜಿಗೇ ಖರ್ಚಾಗಿ ಮೈ ಹಿಡಿಯುವುದಿಲ್ಲ.

ಕೂರಿಸಿದ ದಿನ ಚೆನ್ನಾಗಿದ್ದ ಹರಿವು ವಾರ ಕಳೆಯುವಷ್ಟರಲ್ಲಿ ತೊಟ್ಟಿಕ್ಕುವಷ್ಟಕ್ಕೆ ಇಳಿಯುವುದು ಸಾಮಾನ್ಯ ದೂರು. ಪಂಪ್ ಹಾಳಾಯಿತೆಂದು ಬೈಯುವ ಮೊದಲು ಎರಡು ಕಡೆ ನೋಡಿ. ಬೇಸಿಗೆಯಲ್ಲಿ ತೊಟ್ಟಿಯ ನೀರು ಆವಿಯಾಗಿ ನಾಲ್ಕು ಬೆರಳು ಇಳಿದಿದ್ದರೆ ಕೊಳವೆ ಮುಳುಗಿರುವ ಆಳ ಕಡಿಮೆಯಾಗಿ, ಎತ್ತಬೇಕಾದ ಎತ್ತರ ಹೆಚ್ಚಾಗುತ್ತದೆ. ಗುಳ್ಳೆ ಬರುತ್ತಲೇ ಇರುತ್ತದೆ, ನೀರು ಮಾತ್ರ ಮೇಲೇಳುವುದಿಲ್ಲ. ತೊಟ್ಟಿಗೆ ನೀರು ತುಂಬಿಸಿದರೆ ಸಮಸ್ಯೆ ಮುಗಿಯಿತು. ಎರಡನೆಯದು, ಕೊಳವೆಗೆ ಗಾಳಿ ಸೇರುವ ಸೂಜಿಬಾಯಿ. ಬೋರ್‌ವೆಲ್ಲಿನ ಗಡಸು ನೀರಿದ್ದಲ್ಲಿ ಅಲ್ಲಿ ಬಿಳಿ ಸುಣ್ಣದ ಹಕ್ಕಳೆ ಕಟ್ಟುತ್ತದೆ. ಕೊಳವೆಯನ್ನು ಬಿಚ್ಚಿ ಅರ್ಧ ಗಂಟೆ ವಿನೆಗರಿನಲ್ಲಿ ನೆನೆಸಿ ತೊಳೆದರೆ ಬಿಡುತ್ತದೆ. ಪಿನ್ನಿನಿಂದ ಕೆರೆಯಲು ಹೋಗಬೇಡಿ. ತೂತು ದೊಡ್ಡದಾದರೆ ಗುಳ್ಳೆಯೂ ದೊಡ್ಡದಾಗುತ್ತದೆ, ಮತ್ತೆ ಹರಿವು ಹದಕ್ಕೆ ಬರುವುದಿಲ್ಲ.

ಪೆಟ್ಟಿಗೆಯ ವಿನ್ಯಾಸದ ನಿಜವಾದ ದೋಷ ತಳದಲ್ಲಿದೆ. ನೀರು ಒಂದು ಮೇಲ್ಮೂಲೆಯಲ್ಲಿ ಬಿದ್ದು ಇನ್ನೊಂದು ಬದಿಯ ಮೇಲ್ಸೀಳಿನಿಂದ ಹೊರಟುಬಿಡುತ್ತದೆ. ತಳ ಚಪ್ಪಟೆ, ಮೂಲೆಗಳು ಚೌಕ, ಅಲ್ಲಿ ಹರಿವೇ ಇಲ್ಲ. ತಿನ್ನದೆ ಉಳಿದ ಆಹಾರ ಅಲ್ಲಿ ಕೂತು ಕೊಳೆಯುತ್ತದೆ. ತೊಟ್ಟಿಯ ನೀರನ್ನು ಪರೀಕ್ಷಿಸಿದರೆ ಅಮೋನಿಯಾ ಸೊನ್ನೆ ಎಂದೇ ಬರುತ್ತದೆ, ಆದರೆ ತಳಕ್ಕೆ ಹತ್ತಿಕೊಂಡಿರುವ ಕೋರಿಡೋರಸ್ ಎಂಬ ಪುಟ್ಟ ಮೀಸೆಮೀನಿನ ಮರಿ ಬದುಕುತ್ತಿರುವುದು ಆ ಕೊಳೆಯ ಮೇಲೆ. ಅದರ ರೆಕ್ಕೆ, ಮೀಸೆ ಸವೆದು ಹೋಗುವುದು ಇದರಿಂದಲೇ. ಪರಿಹಾರ ಎರಡು ರೂಪಾಯಿಯದು. ಕೊಳವೆಯ ಮೂತಿಗೆ ನಾಲ್ಕೈದು ಸೆಂಟಿಮೀಟರ್ ಸಿಲಿಕಾನ್ ಟ್ಯೂಬ್ ತೊಡಿಸಿ, ಬಾಯಿ ಕೆಳಗಿನ ಮೂಲೆಗೆ ಮುಖ ಮಾಡುವಂತೆ ಬಗ್ಗಿಸಿದರೆ ಬೀಳುವ ನೀರು ತಳವನ್ನು ಗುಡಿಸುತ್ತದೆ. ಇದರ ಮೇಲೂ ದಿನಕ್ಕೊಮ್ಮೆ 20 ಮಿಲಿ ಸಿರಿಂಜಿಗೆ ಏರ್ ಟ್ಯೂಬಿನ ತುಂಡು ಸಿಕ್ಕಿಸಿ ತಳದ ಕಸ ಹೀರಿ ತೆಗೆಯಲೇಬೇಕು. ಹೀರಿದ ನೀರನ್ನು ಬಿಳಿ ತಟ್ಟೆಗೆ ಬಿಟ್ಟು ನೋಡಿ ಆಮೇಲೆ ಚೆಲ್ಲಿ, ಒಂದೆರಡು ಮರಿ ಅದರಲ್ಲಿ ಇದ್ದೇ ಇರುತ್ತವೆ.

ಎರಡನೆಯ ದೋಷ ಹೊರಹರಿವಿನ ಸೀಳುಗಳದ್ದು. ಗಪ್ಪಿ ಮರಿ ಹುಟ್ಟುವಾಗಲೇ ಆರೇಳು ಮಿಲಿಮೀಟರ್, ಅದು ಈ ಸೀಳುಗಳಿಂದ ಜಾರುವುದಿಲ್ಲ. ಮೂರು ಮಿಲಿಮೀಟರ್ ಉದ್ದದ, ದಾರದೆಳೆಯಂಥ ಟೆಟ್ರಾ ಅಥವಾ ಬೆಟ್ಟಾ ಮರಿ ಸಲೀಸಾಗಿ ಜಾರುತ್ತದೆ. ಮರಿಗಿಂತ ಮೊದಲು ಜಾರುವುದು ಅದರ ಊಟ. ಮೀನುಮರಿಗೆ ಜೀವಂತ ಆಹಾರವಾಗಿ ಹಾಕುವ ಉಪ್ಪುನೀರಿನ ಪುಟ್ಟ ಸೀಗಡಿ ಆರ್ಟೀಮಿಯಾದ ಮರಿ ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಹರಿವು ನಡೆಯುತ್ತಿರುವಾಗ ಹಾಕಿದರೆ ಅದರ ಬಹುಪಾಲು ಕೆಲವೇ ನಿಮಿಷದಲ್ಲಿ ತೊಟ್ಟಿಗೆ ಹೋಗಿ ದೊಡ್ಡ ಮೀನುಗಳಿಗೆ ಬಾಡೂಟವಾಗುತ್ತದೆ. ಸೀಳಿನ ಒಳಗಡೆ ತೆಳು ಸ್ಪಾಂಜ್ ಹಾಳೆ ಒತ್ತಿಟ್ಟರೆ ಮರಿಯೇನೋ ಉಳಿಯುತ್ತದೆ, ಆದರೆ ಎರಡು ದಿನಕ್ಕೊಮ್ಮೆ ಹಿಂಡದಿದ್ದರೆ ಸ್ಪಾಂಜ್ ಕಟ್ಟಿಕೊಂಡು ಪೆಟ್ಟಿಗೆಯ ನೀರು ಅಂಚು ಮೀರಿ ನೆಲಕ್ಕೆ ಹರಿಯುತ್ತದೆ. ಊಟದ ಹೊತ್ತಿಗೆ ಗಾಳಿ ನಿಲ್ಲಿಸಿ ಹದಿನೈದು ಇಪ್ಪತ್ತು ನಿಮಿಷ ಬಿಡುವುದು ಇದಕ್ಕಿಂತ ವಾಸಿ. ಮರೆತು ಹಾಗೇ ಬಿಟ್ಟುಬಿಡುವ ಭಯವಿದ್ದರೆ ಫೋನಿನಲ್ಲಿ ಅಲಾರಂ ಇಡಿ. ಇನ್ನೊಂದು ಉಪಾಯ: ಆರ್ಟೀಮಿಯಾ ಬೆಳಕಿನ ಕಡೆಗೆ ಈಜುತ್ತದೆ. ಸೀಳುಗಳಿಂದ ದೂರದ ಮೂಲೆಗೆ ಸಣ್ಣ ಟಾರ್ಚ್ ಹಿಡಿದು ನಿಲ್ಲಿಸಿದರೆ ಅವೆಲ್ಲ ಕಿತ್ತಳೆ ಬಣ್ಣದ ಮೋಡದಂತೆ ಅಲ್ಲಿ ಸೇರುತ್ತವೆ, ಮರಿಗಳೂ ಹಿಂದೆಯೇ ಬರುತ್ತವೆ. ಹೊಟ್ಟೆ ಕಿತ್ತಳೆಯಾಗಿ ಉಬ್ಬಿದರೆ ಊಟ ಆಯಿತೆಂದು ಲೆಕ್ಕ.

ಈಗ ಮೊಟ್ಟೆಯ ವಿಚಾರ. ಮೊಟ್ಟೆಗೆ ದೊಡ್ಡ ಶತ್ರು ಬೂಷ್ಟು. ಗರ್ಭ ಕಟ್ಟದ ಮೊಟ್ಟೆ ಒಂದು ದಿನದಲ್ಲಿ ಬೆಳ್ಳಗೆ ಮಸುಕಾಗುತ್ತದೆ, ಅದರ ಮೇಲೆ ಹತ್ತಿಯಂಥ ಬೂಷ್ಟು ಏಳುತ್ತದೆ, ಅಲ್ಲಿಂದ ಪಕ್ಕದ ಜೀವಂತ ಮೊಟ್ಟೆಗೂ ದಾಟುತ್ತದೆ. ಇದಕ್ಕೆ ರೂಢಿಯ ಮದ್ದು ಮಿಥಿಲೀನ್ ಬ್ಲೂ. ನೇತುಪೆಟ್ಟಿಗೆಯಲ್ಲಿ ಅದನ್ನು ಹಾಕುವಂತಿಲ್ಲ. ಹದಿನೈದು ನಿಮಿಷದಲ್ಲಿ ಅದೆಲ್ಲ ತೊಟ್ಟಿಗೆ ಸೇರಿ ಪೆಟ್ಟಿಗೆಯಲ್ಲಿ ಏನೂ ಉಳಿಯದು, ತೊಟ್ಟಿಯಲ್ಲಿ ಫಿಲ್ಟರಿನ ಬ್ಯಾಕ್ಟೀರಿಯಾಕ್ಕೆ ಏಟು, ಗಾಜಿನ ಸಂದಿನ ಸಿಲಿಕಾನಿಗೆ ನೀಲಿ ಕಲೆ. ಪೆಟ್ಟಿಗೆಯ ಡಬ್ಬದ ಮೇಲೆ ಮೊಟ್ಟೆಯ ಚಿತ್ರ ಹಾಕುವವರು ಈ ಮಾತನ್ನೂ ಒಂದು ಸಾಲಿನಲ್ಲಿ ಹೇಳಬಹುದಿತ್ತು.

ಹಾಗಾಗಿ ಕೋರಿಡೋರಸ್ಸಿನಂಥ ಮೀನಿಗೆ ಬಾಣಂತನ ಎರಡು ಮನೆಯಲ್ಲಿ ಆಗಬೇಕು. ಅವು ಗಾಜಿಗೆ ಅಂಟಿಸಿದ ಮೊಟ್ಟೆಗಳನ್ನು ಬೆರಳ ತುದಿಯಿಂದ ಮೆಲ್ಲಗೆ ಹೊರಳಿಸಿ ಬಿಡಿಸಬಹುದು. ಒಂದೆರಡು ಗಂಟೆ ಕಳೆದಿದ್ದರೆ ಸಿಪ್ಪೆ ಗಟ್ಟಿಯಾಗಿರುತ್ತದೆ, ಒಡೆಯುವುದಿಲ್ಲ. ಒಂದು ಲೀಟರಿನ ಐಸ್‌ಕ್ರೀಂ ಡಬ್ಬಿಗೆ ತೊಟ್ಟಿಯ ನೀರನ್ನೇ ತುಂಬಿ, ಮೊಟ್ಟೆಗಳನ್ನು ಒಂದಕ್ಕೊಂದು ತಾಗದಂತೆ ಗೋಡೆಗೆ ಅಂಟಿಸಿ. ಇಲ್ಲಿ ಮಿಥಿಲೀನ್ ಬ್ಲೂ ಹಾಕಬಹುದು: ಬಾಟಲಿಯ ಮೇಲೆ 1 ಪ್ರತಿಶತ ದ್ರಾವಣ ಎಂದಿದ್ದರೆ ಲೀಟರಿಗೆ 0.2 ಮಿಲಿ, ಅಂದರೆ ಸುಮಾರು ನಾಲ್ಕು ಹನಿ ಸಾಕು. ಪ್ರತಿಶತ ನಮೂದಿಸದ ಬಾಟಲಿಯಾದರೆ ಹನಿ ಲೆಕ್ಕ ನಂಬಬೇಡಿ. ನೀರು ತಿಳಿನೀಲಿಯಾಗಿ ಒಳಗಿನ ಮೊಟ್ಟೆ ಸ್ಪಷ್ಟವಾಗಿ ಕಾಣುವಂತಿರಬೇಕು, ಶಾಯಿಯಂತಾಗಬಾರದು. ಏರ್‌ಸ್ಟೋನಿನಿಂದ ಸಣ್ಣಗೆ ಗುಳ್ಳೆ ಬಿಡಿ, ಆದರೆ ಮೊಟ್ಟೆಗೇ ತಗಲುವಂತಲ್ಲ. ಡಬ್ಬಿಯನ್ನು ತೊಟ್ಟಿಯಲ್ಲೇ ತೇಲಿಸಿದರೆ ಬಿಸಿ ಒಂದೇ ಆಗಿರುತ್ತದೆ. ಬಿಸಿಲು, ಜೋರು ಬೆಳಕು ಬೇಡ, ನೀಲಿ ಬಣ್ಣ ಬೆಳಕಿಗೆ ಕರಗಿ ಹೋಗುತ್ತದೆ. ಬೆಳ್ಳಗಾದ ಮೊಟ್ಟೆಯನ್ನು ದಿನವೂ ಆರಿಸಿ ತೆಗೆಯಿರಿ. ಗರ್ಭ ಕಟ್ಟಿದ್ದು ಕಂದುಬಣ್ಣಕ್ಕೆ ತಿರುಗಿ ಒಳಗೆ ಕಣ್ಣಿನ ಚುಕ್ಕೆ ಕಾಣುತ್ತದೆ. 24ರಿಂದ 26 ಡಿಗ್ರಿಯಲ್ಲಿ ಮೂರರಿಂದ ಐದು ದಿನಕ್ಕೆ ಒಡೆಯುತ್ತವೆ. ಆಗ ನೀಲಿ ನೀರನ್ನು ಅರ್ಧರ್ಧ ಬದಲಿಸಿ ತಿಳಿ ಮಾಡಿ, ಮರಿಗಳನ್ನು ಸಿರಿಂಜಿನಿಂದ ನೇತುಪೆಟ್ಟಿಗೆಗೆ ಸಾಗಿಸಿ. ಬಲೆಯಿಂದ ಎತ್ತಿದರೆ ಮರಿಯ ಹೊಟ್ಟೆಗೆ ಅಂಟಿರುವ ಆಹಾರದ ಹಳದಿ ಚೀಲ ಹರಿಯುತ್ತದೆ.

ಔಷಧಿ ಬೇಡವೇ ಬೇಡ ಎನ್ನುವವರಿಗೆ ಒಂದು ದಾರಿಯಿದೆ. ಪೆಟ್ಟಿಗೆಯಲ್ಲಿ ಕೋರಿಡೋರಸ್ ಮೊಟ್ಟೆಗಳ ಜೊತೆ ಎರಡು ಚೆರ್ರಿ ಸೀಗಡಿ ಬಿಟ್ಟರೆ ಅವು ಸತ್ತ ಮೊಟ್ಟೆಯನ್ನೂ ಬೂಷ್ಟನ್ನೂ ಮೇಯುತ್ತವೆ, ಗಟ್ಟಿ ಸಿಪ್ಪೆಯ ಒಳ್ಳೆಯ ಮೊಟ್ಟೆಯ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಒಡೆಯುವ ಹೊತ್ತಿಗೆ ಸೀಗಡಿಗಳನ್ನು ಎತ್ತಿಬಿಡಿ. ಒಣಗಿದ ಕಾಡುಬಾದಾಮಿ ಎಲೆಯ ಅಂಗೈಯಗಲದ ತುಂಡೂ ಕೊಂಚ ನೆರವಾಗುತ್ತದೆ. ಬೂಷ್ಟಿಗೆ ಅದು ಮಿಥಿಲೀನ್ ಬ್ಲೂವಿನಷ್ಟು ಖಡಕ್ಕಲ್ಲ, ಆದರೆ ಎಲೆ ಕರಗುತ್ತಾ ಅದರ ಮೇಲೆ ಹುಟ್ಟುವ ಲೋಳೆಯನ್ನು ಮರಿಗಳು ದಿನವಿಡೀ ಕೆರೆದು ತಿನ್ನುತ್ತವೆ. ಊರ ರಸ್ತೆಬದಿಯಲ್ಲಿ ಬಿದ್ದಿರುವ ಎಲೆಯನ್ನೇ ತೊಳೆದು ಒಣಗಿಸಿದರೆ ಆಯಿತು, ಪ್ಯಾಕೆಟ್ಟಿನಲ್ಲಿ ಕಾಸು ಕೊಟ್ಟು ತರಬೇಕಿಲ್ಲ.

ಪಾಚಿ ಕೆರೆದು ತಿನ್ನುವ ಬ್ರಿಸಲ್‌ನೋಸ್ ಪ್ಲೀಕೊ ಮೀನನ್ನು ಸಾಕುವವರಿಗೆ ಈ ಪೆಟ್ಟಿಗೆ ಹೇಳಿ ಮಾಡಿಸಿದಂತಿದೆ. ಗಂಡು ತನ್ನ ಗುಹೆಯಲ್ಲಿ ರೆಕ್ಕೆ ಬೀಸಿ ಕಾಯುವ ಕಿತ್ತಳೆ ಮೊಟ್ಟೆಗೊಂಚಲು ಐದಾರು ದಿನದಲ್ಲಿ ಒಡೆಯುತ್ತದೆ. ಮರಿಗಳು ಇನ್ನೂ ನಾಲ್ಕೈದು ದಿನ ದಪ್ಪ ಹಳದಿ ಚೀಲ ಹೊತ್ತು ಗೋಡೆಗೆ ಬಾಯಿ ಅಂಟಿಸಿ ಬಿದ್ದಿರುತ್ತವೆ. ಮೊಟ್ಟೆಯ ಕಾವಲು ತಂದೆಗೇ ಬಿಡಿ, ಚೀಲ ಕರಗುತ್ತಾ ಬಂದಾಗ ಮರಿಗಳನ್ನು ಪೆಟ್ಟಿಗೆಗೆ ತನ್ನಿ. ಕುದಿಸಿದ ಸೌತೆ, ಸೋರೆಕಾಯಿ ಹೋಳು, ಸ್ಪಿರುಲಿನಾ ಮಾತ್ರೆಯ ಚೂರು ತಿಂದುಕೊಂಡು ಬೆಳೆಯುತ್ತವೆ. ತರಕಾರಿಯನ್ನು ಹನ್ನೆರಡು ಗಂಟೆಗಿಂತ ಹೆಚ್ಚು ಬಿಡಬೇಡಿ. ಒಂದು ಚೂರು ಮರದ ದಿಮ್ಮಿ ಇಟ್ಟರೆ ಇನ್ನೂ ಒಳ್ಳೆಯದು.

ಗಪ್ಪಿ, ಪ್ಲಾಟಿ, ಮೊಲ್ಲಿಯಂಥ ಮರಿ ಹಾಕುವ ಮೀನುಗಳಿಗೆಂದು ಪೆಟ್ಟಿಗೆಯ ಜೊತೆ ಕೊಡುವ ತಾಯಿ ತಟ್ಟೆಯ ಬಗ್ಗೆ ಎಚ್ಚರಿಕೆ ಬೇಕು. ತಿಂಗಳಿಗೊಮ್ಮೆ ಹೆರುವ ಈ ಮೀನನ್ನು ವಾರಗಟ್ಟಲೆ ಮೊದಲೇ ತಂದು ಕೂಡಿಹಾಕುವುದು ತಪ್ಪು. ಇಕ್ಕಟ್ಟಿನಲ್ಲಿ ಅದು ಗಾಬರಿಗೊಂಡು ಅರೆಬೆಳೆದ ಮರಿ ಹಾಕುತ್ತದೆ, ಇಲ್ಲವೇ ಹೆರಿಗೆಯನ್ನೇ ಮುಂದೂಡುತ್ತದೆ. ಹೊಟ್ಟೆಯ ಕೆಳಭಾಗ ಚೌಕಾಕಾರಕ್ಕೆ ತಿರುಗಿ, ಗುದದ ಬಳಿಯ ಕಲೆ ಕಪ್ಪಾಗಿ, ಮೀನು ಒಂದೆಡೆ ನಿಂತು ಆಗಾಗ ನಡುಗಿದಂತಾದಾಗ ಮಾತ್ರ ಸಾಗಿಸಿ. ಇಪ್ಪತ್ತನಾಲ್ಕು ಗಂಟೆಯಲ್ಲಿ ಹೆರದಿದ್ದರೆ ವಾಪಸು ಬಿಡಿ. ತಟ್ಟೆಯ ಬದಲು ಪೆಟ್ಟಿಗೆ ತುಂಬ ಜಾವಾ ಪಾಚಿ ಹಾಕಿದರೆ ತಾಯಿಗೂ ನೆಮ್ಮದಿ, ಮರಿಗೂ ಅಡಗುತಾಣ. 40ರಿಂದ 50 ಗಪ್ಪಿ ಮರಿಗಳಿಗೆ ಎರಡು ಲೀಟರ್ ಎರಡು ವಾರದ ಮಟ್ಟಿಗೆ ಸರಿ. ಅದಕ್ಕೂ ಮುಂದೆ ಅಲ್ಲೇ ಬಿಟ್ಟರೆ ಬೆಳವಣಿಗೆ ಕುಂಠಿತವಾಗುತ್ತದೆ. ಆರು ವಾರದ ಗಪ್ಪಿ ಇನ್ನೂ ಒಂದು ಸೆಂಟಿಮೀಟರ್ ಇದೆಯಲ್ಲ ಎಂದು ಆಹಾರವನ್ನು ದೂರಿ ಪ್ರಯೋಜನವಿಲ್ಲ.

ಇನ್ನು ಈ ಪೆಟ್ಟಿಗೆ ಯಾರಿಗೆ ಬೇಡ? ಏಂಜೆಲ್ ಮೀನು ಒಂದೇ ಸಲಕ್ಕೆ ನೂರಾರು ಮೊಟ್ಟೆಯಿಡುತ್ತದೆ, 27-28 ಡಿಗ್ರಿಯಲ್ಲಿ ಎರಡೂವರೆ ದಿನಕ್ಕೆ ಒಡೆದು, ಇನ್ನೂ ನಾಲ್ಕೈದು ದಿನಕ್ಕೆ ಮರಿ ಈಜಾಡುತ್ತದೆ. ಅಷ್ಟು ಮರಿಗೆ ಎರಡು ಲೀಟರ್ ಮೂಗಿಗೂ ಸಾಲದು. ಬೆಟ್ಟಾದ ನೊರೆಗೂಡು ಮೇಲಿಂದ ಬೀಳುವ ನೀರಿಗೆ ಒಡೆದು ಹೋಗುತ್ತದೆ, ಮರಿ ಸೀಳಿನಿಂದ ಜಾರುತ್ತದೆ. ನಿಯಾನ್ ಟೆಟ್ರಾಗೆ ಮೆದುನೀರು, ಕತ್ತಲು ಎರಡೂ ಬೇಕು. ತೊಟ್ಟಿಯ ನೀರು ಗಡಸಿದ್ದರೆ ಪೆಟ್ಟಿಗೆಯದೂ ಗಡಸೇ. ಈ ಮೂರಕ್ಕೂ ಅದೇ ಹಣದಲ್ಲಿ ಇಪ್ಪತ್ತು ಲೀಟರಿನ ಪ್ಲಾಸ್ಟಿಕ್ ಟಬ್, ಒಂದು ಸಣ್ಣ ಸ್ಪಾಂಜ್ ಫಿಲ್ಟರ್ ತನ್ನಿ. ಸ್ಪಾಂಜನ್ನು ಮೂರು ವಾರ ಮೊದಲೇ ತೊಟ್ಟಿಯಲ್ಲಿಟ್ಟು ಪಳಗಿಸಿರಿ. ಬಾಯಲ್ಲಿ ಮೊಟ್ಟೆ ಹೊರುವ ಆಫ್ರಿಕಾದ ಸಿಕ್ಲಿಡ್‌ಗಳಿಗೆ ಬೇಕಾದದ್ದು ಬೇರೆಯೇ ಉಪಕರಣ, ಗಾಳಿಯಿಂದ ಮೊಟ್ಟೆಯನ್ನು ಹೊರಳಿಸುವ ಎಗ್ ಟಂಬ್ಲರ್. ಕೊರಿಯಾದ ಜಿಸ್ ಕಂಪನಿಯದು ಇದರಲ್ಲಿ ಹೆಸರುವಾಸಿ. ಅದರಲ್ಲೂ ಒಂದೇ ಪಾಠ: ಮೊಟ್ಟೆ ಜೋಗುಳಕ್ಕೆ ತೂಗಿದಂತೆ ಹೊರಳಬೇಕು, ಅಕ್ಕಿ ಕುದಿದಂತೆ ಅಲ್ಲ. ಕುದಿಸಿದರೆ ಹಳದಿ ಚೀಲ ಒಡೆದು ಎಲ್ಲವೂ ಹೋಗುತ್ತವೆ.

ತಂದೆತಾಯಿಯಿಂದ ಬೇರ್ಪಡಿಸಲೇಬಾರದ ಮೀನುಗಳೂ ಇವೆ. ಡಿಸ್ಕಸ್ ಮರಿಗೆ ಮೊದಲ ಆಹಾರವೇ ಹೆತ್ತವರ ಮೈಯ ಲೋಳೆ. ದಕ್ಷಿಣ ಭಾರತ, ಶ್ರೀಲಂಕಾದ ಹಿನ್ನೀರುಗಳಲ್ಲಿ ಸಿಗುವ ನಮ್ಮ ಕಿತ್ತಳೆ ಕ್ರೋಮೈಡ್ ಮರಿಗಳೂ ಹಾಗೆಯೇ ತಾಯಿತಂದೆಯ ಮೈಗೆ ತಾಗಿ ತಾಗಿ ಲೋಳೆ ಮೇಯುತ್ತವೆ. ಇವುಗಳ ಮರಿ ಉಳಿಸುತ್ತೇನೆಂದು ಪೆಟ್ಟಿಗೆಗೆ ಎತ್ತಿಹಾಕುವುದು ಎಳೆಗರುವನ್ನು ಕೆಚ್ಚಲಿನಿಂದ ಬಿಡಿಸಿದ ಹಾಗೆ. ಹೆತ್ತವರನ್ನು ಅಲ್ಲೇ ಬಿಟ್ಟು ಉಳಿದ ಮೀನುಗಳನ್ನು ಬೇರೆ ಮಾಡಿ.

ಆಹಾರದ ವಿಷಯದಲ್ಲಿ ಪೆಟ್ಟಿಗೆ ಯಾವ ಸಹಾಯವನ್ನೂ ಮಾಡುವುದಿಲ್ಲ, ಅದನ್ನು ನೀವೇ ತಯಾರಿಸಬೇಕು. ಆರ್ಟೀಮಿಯಾಕ್ಕೆ ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು, ಕಾಲು ಚಮಚ ಅಡುಗೆ ಸೋಡಾ, 1ರಿಂದ 2 ಗ್ರಾಂ ಆರ್ಟೀಮಿಯಾ ಮೊಟ್ಟೆ. ಎರಡು ಲೀಟರಿನ ಸೋಡಾ ಬಾಟಲಿಯ ತಳ ಕೊಯ್ದು ತಲೆಕೆಳಗಾಗಿ ನಿಲ್ಲಿಸಿ, ಮುಚ್ಚಳದವರೆಗೆ ಟ್ಯೂಬ್ ಇಳಿಸಿ ಜೋರಾಗಿ ಗಾಳಿ ಬಿಡಿ. ಮೊಟ್ಟೆ ತಳದಲ್ಲಿ ಕೂತರೆ ಒಡೆಯುವುದಿಲ್ಲ. 26ರಿಂದ 28 ಡಿಗ್ರಿ ಬಿಸಿ, ಮೇಲೊಂದು ಬಲ್ಬು. ಇಪ್ಪತ್ತನಾಲ್ಕು ಗಂಟೆಗೆ ಒಡೆಯುತ್ತವೆ, ಚಳಿಯಿದ್ದರೆ ಮೂವತ್ತಾರಕ್ಕೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಖಾಲಿ ಸಿಪ್ಪೆ ಮೇಲೆ ತೇಲುತ್ತದೆ, ಮರಿ ಕೆಳಗಿಳಿಯುತ್ತದೆ. ಕೆಳಗಿನದನ್ನು ಮಾತ್ರ ತೆಗೆದು, ನುಣುಪು ಬಟ್ಟೆಯಲ್ಲಿ ಸೋಸಿ ಸಿಹಿನೀರಿನಲ್ಲಿ ತೊಳೆದು ಹಾಕಿ. ಸಿಪ್ಪೆ ಬೆರೆತರೆ ಮರಿಯ ಕರುಳು ಕಟ್ಟಿಕೊಳ್ಳುತ್ತದೆ. ಒಡೆದ ಹೊಸದರಲ್ಲೇ ಹಾಕುವುದು ಮುಖ್ಯ, ಹೊತ್ತು ಕಳೆದಂತೆ ಅದು ತನ್ನ ಮೈಯ ಕೊಬ್ಬನ್ನೇ ತಿಂದುಕೊಂಡು ಬಡಕಲಾಗುತ್ತದೆ. ಇದರ ಬಾಧಕವೊಂದಿದೆ: ಆರ್ಟೀಮಿಯಾ ಹೆಚ್ಚಾಗಿ ಹಾಕುವ ಪೆಟ್ಟಿಗೆಯ ಗೋಡೆಯಲ್ಲಿ ಹೈಡ್ರಾ ಬೆಳೆಯುತ್ತದೆ. ಕಡ್ಡಿಯಂಥ ಮೈ, ತುದಿಯಲ್ಲಿ ದಾರಗಳು. ಮುಟ್ಟಿದರೆ ಮುದುಡಿ ಚುಕ್ಕೆಯಾಗುತ್ತದೆ. ಸಣ್ಣ ಮರಿಗಳನ್ನು ಅದು ಕುಟುಕಿ ನುಂಗುತ್ತದೆ. ಕಂಡರೆ ಮರಿಗಳನ್ನು ಬೇರೆಗೆ ಸಾಗಿಸಿ ಪೆಟ್ಟಿಗೆ ಕಳಚುವುದೇ ದಾರಿ.

ಕರೆಂಟು ಹೋದರೆ ಏನಾಗುತ್ತದೆ ಎಂಬುದು ನಮ್ಮ ಕಡೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಪೆಟ್ಟಿಗೆ ಖಾಲಿಯಾಗುವುದಿಲ್ಲ, ಸೀಳಿನ ಮಟ್ಟದವರೆಗೆ ನೀರು ನಿಂತೇ ಇರುತ್ತದೆ. ಆದರೆ ಹರಿವು ನಿಂತ ಎರಡು ಲೀಟರಿನಲ್ಲಿ ಆಮ್ಲಜನಕ ಇಳಿಯುತ್ತಾ ಹೋಗುತ್ತದೆ, ಮರಿಗಳು ಮೇಲೆ ಬಂದು ಬಾಯಿ ಬಿಡತೊಡಗುತ್ತವೆ. ಅರ್ಧ ಗಂಟೆಯ ವ್ಯತ್ಯಯಕ್ಕೆ ಚಿಂತೆಯಿಲ್ಲ. ಅದಕ್ಕೂ ಹೆಚ್ಚಾದರೆ ಲೋಟದಿಂದ ತೊಟ್ಟಿಯ ನೀರನ್ನು ಮೆಲ್ಲಗೆ ಸುರಿಯುತ್ತಿರಿ. ಮೂರ್ನಾಲ್ಕು ವ್ಯಾಟಿನ ಪಂಪ್ ಇನ್ವರ್ಟರಿಗೆ ಭಾರವೇ ಅಲ್ಲ, ಆ ಲೈನಿಗೇ ಸಿಕ್ಕಿಸಿಬಿಡಿ. ಇಲ್ಲವೇ ಬ್ಯಾಟರಿ ಇರುವ ಪಂಪ್ ತನ್ನಿ. ಚಳಿಗಾಲದ ತೊಂದರೆ ಇನ್ನೊಂದು. ಹೊರಗೆ ನೇತಿರುವ ತೆಳು ಪ್ಲಾಸ್ಟಿಕ್ ಪೆಟ್ಟಿಗೆ ಡಿಸೆಂಬರಿನ ಬೆಂಗಳೂರಿನಲ್ಲೋ ಮಡಿಕೇರಿಯಲ್ಲೋ ತೊಟ್ಟಿಗಿಂತ ತಣ್ಣಗಿರುತ್ತದೆ. ಥರ್ಮಾಮೀಟರನ್ನು ತೊಟ್ಟಿಯಲ್ಲಲ್ಲ, ಪೆಟ್ಟಿಗೆಯಲ್ಲಿ ಇಟ್ಟು ನೋಡಿ. ಒಂದು ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಹರಿವನ್ನು ಸ್ವಲ್ಪ ಹೆಚ್ಚಿಸಿ, ಹೊರಮೈಗೆ ತೆಳು ಥರ್ಮೊಕೋಲ್ ಅಂಟಿಸಿ, ಮುಚ್ಚಳ ಹಾಕಿಡಿ.

ನೈಲಾನ್ ಬಲೆಯ ಮಾದರಿ ಇದಕ್ಕಿಂತ ಅಗ್ಗ, ತೊಟ್ಟಿಯೊಳಗೇ ಇರುವುದರಿಂದ ಬಿಸಿಯ ಚಿಂತೆಯೂ ಇಲ್ಲ. ಆದರೆ ವಾರದಲ್ಲಿ ಪಾಚಿ ಕಟ್ಟಿ ನೀರಾಡುವುದು ನಿಲ್ಲುತ್ತದೆ, ದೊಡ್ಡ ಸಿಕ್ಲಿಡ್‌ಗಳು ಬಲೆಯ ಹೊರಗಿನಿಂದಲೇ ಮರಿಯ ಬಾಲ ಹೀರುತ್ತವೆ. ತೇಲುವ ಡಬ್ಬಿಯ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ, ಒಂದು ರಾತ್ರಿಗೆ ಸರಿ.

ಮರಿಗಳನ್ನು ತೊಟ್ಟಿಗೆ ಬಿಡುವುದು ವಯಸ್ಸು ನೋಡಿ ಅಲ್ಲ, ತೊಟ್ಟಿಯ ಅತಿ ದೊಡ್ಡ ಮೀನಿನ ಬಾಯಿ ನೋಡಿ. ಗಪ್ಪಿ, ಟೆಟ್ರಾಗಳ ತೊಟ್ಟಿಯಾದರೆ ಒಂದೂವರೆ ಸೆಂಟಿಮೀಟರ್ ಸಾಕು. ಏಂಜೆಲ್ ಇದ್ದರೆ ಇನ್ನೂ ಕಾಯಿರಿ, ನಡುವೆ ಬೇರೆ ತೊಟ್ಟಿಯ ವ್ಯವಸ್ಥೆ ಮಾಡಿ. ನೀರು ಒಂದೇ ಆದ್ದರಿಂದ ಒಗ್ಗಿಸುವ ಕೆಲಸ ಉಳಿಯಿತು, ಪೆಟ್ಟಿಗೆಯನ್ನು ಬಗ್ಗಿಸಿ ಬಿಟ್ಟರೆ ಆಯಿತು. ಎಲ್ಲ ಮೀನಿಗೂ ಹೊಟ್ಟೆ ತುಂಬ ಹಾಕಿದ ಮೇಲೆ, ದೀಪ ಆರಿಸಿ ಬಿಡಿ. ಖಾಲಿಯಾದ ಪೆಟ್ಟಿಗೆಯನ್ನು ಸೋಪು ಮುಟ್ಟಿಸದೆ ಉಪ್ಪು ನೀರಿನಲ್ಲಿ ಉಜ್ಜಿ, ಕೊಳವೆಯನ್ನೂ ಟ್ಯೂಬನ್ನೂ ಬಿಚ್ಚಿ ಎರಡು ದಿನ ನೆರಳಲ್ಲಿ ಒಣಗಿಸಿಡಿ. ಬಿಸಿಲಿಗಿಟ್ಟರೆ ಪ್ಲಾಸ್ಟಿಕ್ ಹಳದಿಗಟ್ಟಿ ಕೊಕ್ಕೆಯ ಬುಡದಲ್ಲಿ ಬಿರುಕು ಬಿಡುತ್ತದೆ, ಎರಡು ಕಿಲೋ ಭಾರ ಹೊರುವುದು ಅದೇ ಕೊಕ್ಕೆ.